ಹಳೆಯ ರೈಫಲ್ಲಿನ ಗುರಿ: ಕೂಡಿಸಿದ್ದು, ಕಳೆದದ್ದು

ಎನ್‌ಫೀಲ್ಡ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು 1955ರಿಂದ ಚೆನ್ನೈಯಲ್ಲಿ, ಅಂದರೆ ಅಂದಿನ ಮದರಾಸಿನಲ್ಲಿ, ತಯಾರಾಗುತ್ತ ಬಂದಿರುವ ಬುಲೆಟ್ ಮೋಟಾರ್‌ಸೈಕಲ್ಲು. ಆದರೆ ಆ ಹೆಸರು ಬಂದದ್ದು ಕೋವಿಯಿಂದ. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಎಂಬ ಊರಿನಲ್ಲಿ ಬ್ರಿಟಿಷ್ ಸರ್ಕಾರದ ಶಸ್ತ್ರ ಕಾರ್ಖಾನೆಯಿತ್ತು. ಅದಕ್ಕೆ ಬಿಡಿಭಾಗಗಳನ್ನು ಮಾಡಿಕೊಡುವ ಗುತ್ತಿಗೆ ಹಿಡಿದ ರೆಡಿಚ್ಚಿನ ಸೈಕಲ್ ಕಂಪನಿಯೊಂದು ಆ ಊರಿನ ಹೆಸರನ್ನೇ ತನ್ನ ಸರಕಿಗೆ ಇಟ್ಟುಕೊಂಡಿತು. ಕೋವಿಯಂತೆಯೇ ಕಟ್ಟಿದ್ದು ಎಂಬ ಹೆಮ್ಮೆ ಬಹುಕಾಲ ಅದರ ಜಾಹೀರಾತಿನ ಮಾತಾಗಿತ್ತು. ಹಾಗಿದ್ದರೆ ಆ ಕೋವಿಯನ್ನು ಎಷ್ಟು ಚೆನ್ನಾಗಿ ಕಟ್ಟಲಾಗಿತ್ತು? ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಅದಕ್ಕೆ ಏನೇನು ಆಯಿತು? ಈ ಬರಹದಲ್ಲಿ ನಾವು ಕೇಳಿಕೊಳ್ಳುತ್ತಿರುವುದು ಈ ಎರಡು ಪ್ರಶ್ನೆಗಳನ್ನು.

ಸರ್ಕಾರಿ ಕಚೇರಿಗಳಲ್ಲಿ ಬದುಕಿನ ಅರ್ಧವನ್ನು ಕಳೆಯುವ ನಮಗೆ 'ಹೆಚ್ಚುವರಿ ಸರಕು', 'ವಿಲೇವಾರಿ' ಎಂಬ ಮಾತುಗಳು ಹೊಸವಲ್ಲ. ಬ್ರಿಟಿಷ್ ಸರ್ಕಾರ ತನ್ನ ಸ್ವತ್ತಿನ ಮೇಲೆಲ್ಲ ಒಂದು ಬಾಣದ ಗುರುತನ್ನು ಒತ್ತುತ್ತಿತ್ತು. ಆ ಸ್ವತ್ತನ್ನು ಸೇವೆಯಿಂದ ತೆಗೆದು ಮಾರಿದಾಗ ಮೊದಲಿನ ಬಾಣಕ್ಕೆ ಎದುರಾಗಿ, ಮೊನೆಗೆ ಮೊನೆ ತಾಗುವಂತೆ, ಇನ್ನೊಂದು ಬಾಣವನ್ನು ಒತ್ತುವರು. ಹಳೆಯ ರೈಫಲ್ಲಿನ ಉಕ್ಕಿನ ಮೈಮೇಲೆ ಕಾಣುವ ಆ ಜೋಡಿ ಬಾಣಗಳ ಅರ್ಥ ಇಷ್ಟೆ: ರಾಜನ ಋಣ ತೀರಿತು, ಇನ್ನು ಇದು ಕೊಂಡವನ ಪಾಲು. ಎರಡು ಮಹಾಯುದ್ಧಗಳ ಬಳಿಕ ಇಂಥ ಲಕ್ಷಾಂತರ ರೈಫಲ್‌ಗಳು ಜಗತ್ತಿನ ಪೇಟೆಗೆ ಬಂದವು. ಅವುಗಳ ಗುರಿಯನ್ನು ತಿದ್ದಿ ನೇರಗೊಳಿಸುವುದು ಆಗ ಒಂದು ಕಸುಬಾಗಿ ಬೆಳೆಯಿತು.

ಲೀ-ಎನ್‌ಫೀಲ್ಡ್ ರೈಫಲ್ಲಿನ ಮೂಲಪುರುಷ ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಳವೆಯಲ್ಲೇ ಕೆನಡಾ ಸೇರಿ, ಗಡಿಯಾರದ ಕೆಲಸ ಕಲಿತವನು. ಬೋಲ್ಟಿನ ಕೆಳಗೆ ಗುಂಡಿನ ಪೆಟ್ಟಿಗೆಯನ್ನು ಕೂರಿಸುವ ಅವನ ವಿನ್ಯಾಸವನ್ನು ಬ್ರಿಟಿಷ್ ಸೇನೆ 1888ರಲ್ಲಿ ಸ್ವೀಕರಿಸಿತು. ನಳಿಗೆಯ ಒಳಮೈಯಲ್ಲಿ ಗುಂಡಿಗೆ ತಿರುಗಣೆ ಕೊಡುವ ಸುರುಳಿ ಗೆರೆಗಳು ಮೊದಲು ವಿಲಿಯಂ ಮೆಟ್‌ಫರ್ಡ್‌ನವು. ಕರಿಮದ್ದಿನ ಮಸಿ ಕಟ್ಟಿಕೊಳ್ಳದಿರಲೆಂದು ಆತ ಅವನ್ನು ಆಳವಿಲ್ಲದೆ ರೂಪಿಸಿದ್ದ. ಕರಿಮದ್ದು ಹೋಗಿ ಹೊಗೆಯಿಲ್ಲದ ಕಾರ್ಡೈಟ್ ಬಂದಾಗ ಅದರ ಕಾವಿಗೆ ಆ ತೆಳುಗೆರೆಗಳು ಬೇಗನೆ ಸವೆದುಹೋದವು. ಎನ್‌ಫೀಲ್ಡ್ ಕಾರ್ಖಾನೆ ಇನ್ನಷ್ಟು ಆಳವಾದ ಐದು ಗೆರೆಗಳನ್ನು ಕೊರೆಯಿತು. 1895ರಲ್ಲಿ ಲೀಯ ಯಂತ್ರವೂ ಎನ್‌ಫೀಲ್ಡಿನ ಗೆರೆಯೂ ಕೂಡಿ ಲೀ-ಎನ್‌ಫೀಲ್ಡ್ ಆಯಿತು. ಹೀಗೆ ಅದರ ಹೆಸರಿನಲ್ಲಿಯೇ ಒಂದು ತಿದ್ದುಪಡಿ ಅಡಗಿದೆ.

ನಾಲ್ಕೇ ವರ್ಷಗಳಲ್ಲಿ ಎರಡನೆಯ ತಿದ್ದುಪಡಿಯ ಅಗತ್ಯ ಕಾಣಿಸಿಕೊಂಡಿತು. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಆರಂಭವಾದಾಗ, ಮೌಸರ್ ಹಿಡಿದ ರೈತರು ದೂರದಿಂದಲೇ ಗುರಿಯಿಟ್ಟು ಹೊಡೆಯುತ್ತಿದ್ದರು. ಬ್ರಿಟಿಷ್ ಸೈನಿಕರಿಗೆ ಹಂಚಿದ ಹೊಸ ರೈಫಲ್‌ಗಳ ಒಂದು ತಂಡದಲ್ಲಿ ಸೈಟು ಪಕ್ಕಕ್ಕೆ ಸರಿದು ಕೂತಿತ್ತು. ಇದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಒಂದು ಲೆಕ್ಕದಿಂದ ಕಾಣಬಹುದು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 20 ಇಂಚು ದೂರವಿದೆ ಎನ್ನೋಣ. ಮುಂದಿನ ಸೈಟು ಒಂದು ಇಂಚಿನ ನೂರನೆಯ ಒಂದು ಪಾಲು ಸರಿದರೆ, ಅಂದರೆ ದಪ್ಪ ಕಾಗದದ ಒಂದೆರಡು ಹಾಳೆಗಳಷ್ಟು ಸರಿದರೆ, 500 ಗಜದಲ್ಲಿ ಗುಂಡು 9 ಇಂಚು ಪಕ್ಕಕ್ಕೆ ಬೀಳುತ್ತದೆ. ಅದೇ ಸೈಟುಗಳ ನಡುವಿನ ದೂರ 29 ಇಂಚಾದರೆ ತಪ್ಪು 6 ಇಂಚಿನ ಆಸುಪಾಸಿಗೆ ಇಳಿಯುತ್ತದೆ. 1907ರ ಮಾರ್ಕ್ 3 ಮಾದರಿಯ ಸೈಟುಗಳು ಮೊದಲ ಲೆಕ್ಕಕ್ಕೂ, ಎರಡನೆಯ ಮಹಾಯುದ್ಧದ ನಂಬರ್ 4 ಮಾದರಿಯವು ಎರಡನೆಯ ಲೆಕ್ಕಕ್ಕೂ ಹತ್ತಿರದವು. ಹಿಂದಿನ ಸೈಟನ್ನು ನಳಿಗೆಯ ನಡುವಿನಿಂದ ಕಿತ್ತು ಕಣ್ಣಿನ ಸಮೀಪಕ್ಕೆ ತಂದು, ಅದಕ್ಕೊಂದು ಸಣ್ಣ ಕಿಂಡಿ ಕೊಟ್ಟದ್ದರಿಂದಲೇ ಸಾಮಾನ್ಯ ಸಿಪಾಯಿಯ ಗುರಿ ಸುಧಾರಿಸಿತು.

ಆದರೆ ಸೈಟು ಕಣ್ಣಿಗೆ ಕಾಣುವ ಭಾಗ. ರೈಫಲ್ಲಿನ ನಿಜವಾದ ಗುಟ್ಟು ಮರದಲ್ಲಿದೆ. ಲೀ-ಎನ್‌ಫೀಲ್ಡಿನ ನಳಿಗೆ ತುದಿಯವರೆಗೂ ಮರದ ಹೊದಿಕೆಯೊಳಗೆ ಮಲಗಿರುತ್ತದೆ. ಗುಂಡು ಹಾರುವಾಗ ಆ ಉಕ್ಕಿನ ಕೊಳವೆ ತಂಬೂರಿಯ ತಂತಿಯಂತೆ ಮಿಡಿಯುತ್ತದೆ. ಪ್ರತಿ ಸಲವೂ ಮಿಡಿತ ಒಂದೇ ರೀತಿಯಾಗಿದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯ ಒಂದು ಪಕ್ಕವನ್ನು ಒತ್ತಿದರೆ, ಬೇಸಗೆಯಲ್ಲಿ ಒಣಗಿ ಸಡಿಲಗೊಂಡರೆ, ಮಿಡಿತ ಬದಲಾಗುತ್ತದೆ. ನಿನ್ನೆ ನೇರವಾಗಿದ್ದ ರೈಫಲ್ಲು ಇಂದು ಸುಳ್ಳು ಹೇಳುತ್ತದೆ. ಆದ್ದರಿಂದಲೇ ಪಲ್ಟಣದ ಆರ್ಮರರುಗಳಿಗೆ ಬಡಗಿಯ ಜಾಣ್ಮೆಯೂ ಬೇಕಾಗಿತ್ತು. ಹಿಮ್ಮುಖದ ಒದೆತವನ್ನು ತಾಳಿಕೊಳ್ಳುವ ಮರದ ಎರಡು ಮುಖಗಳು ಉಕ್ಕಿಗೆ ಸಮವಾಗಿ ತಾಗಬೇಕು. ನಂಬರ್ 4 ರೈಫಲ್ಲಿನಲ್ಲಿ ನಳಿಗೆಯ ತುದಿಯನ್ನು ಮರ 2ರಿಂದ 7 ಪೌಂಡಿನಷ್ಟು ಬಲದಿಂದ ಮೇಲಕ್ಕೆ ಒತ್ತಿ ಹಿಡಿಯಬೇಕು. ನಡುವೆ ಎಲ್ಲಿಯೂ ಬೇಡದ ಕಡೆ ತಾಗಬಾರದು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ಮರ ಮೆತ್ತಗಿದ್ದುದರಿಂದ ಒದೆತ ಬೀಳುವಲ್ಲಿ ತಾಮ್ರದ ತಗಡು ಕೂರಿಸಿದರು. ನಮ್ಮ ಬಂಗಾಳದ ಇಶಾಪುರದ ಕಾರ್ಖಾನೆಯವರು ಮರ ಸೀಳದಂತೆ ಅಡ್ಡಲಾಗಿ ಒಂದು ತಿರುಪನ್ನು ಹಾಕಿದರು. ಅದನ್ನು ಇಂದಿಗೂ ಹಳೆಯ ರೈಫಲ್ ಬಲ್ಲವರು 'ಇಶಾಪುರದ ಸ್ಕ್ರೂ' ಎಂದೇ ಕರೆಯುತ್ತಾರೆ. ಮರದ ರಕ್ಷಣೆಗೆ ಬಳಸುತ್ತಿದ್ದುದು ಅಗಸೆ ಎಣ್ಣೆ. ಉತ್ತರ ಕರ್ನಾಟಕದ ನಮಗೆ ರೊಟ್ಟಿಯ ಜೊತೆಗಿನ ಚಟ್ನಿಯಾಗಿ ಗೊತ್ತಿರುವ ಅದೇ ಅಗಸೆ.

ಇಂಗ್ಲೆಂಡಿನ ಬಿಸ್ಲಿ ಈ ಕಸುಬಿನ ಕಾಶಿ. 1859ರಲ್ಲಿ ಸ್ಥಾಪನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮೊದಲು ವಿಂಬಲ್ಡನ್ನಿನ ಬಯಲಿನಲ್ಲಿ ಸ್ಪರ್ಧೆ ನಡೆಸುತ್ತಿತ್ತು. 1890ರಲ್ಲಿ ಬಿಸ್ಲಿಗೆ ನೆಲೆ ಬದಲಿಸಿತು. 1860ರ ಮೊದಲ ಕೂಟದಲ್ಲಿ ಆರಂಭದ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. ಜೋಸೆಫ್ ವಿಟ್‌ವರ್ತ್ ತನ್ನ ರೈಫಲ್ಲನ್ನು ಕಬ್ಬಿಣದ ಆಸರೆಯಲ್ಲಿ ಮೊದಲೇ ಗುರಿಯಿಟ್ಟು ಬಿಗಿದಿದ್ದ. ರಾಣಿ ರೇಷ್ಮೆಯ ದಾರವನ್ನೆಳೆದಳು. 400 ಗಜದಾಚೆ ಗುಂಡು ಗುರಿಯ ನಟ್ಟನಡುವಿನಿಂದ ಎರಡು ಇಂಚಿನೊಳಗೆ ಬಿತ್ತು. ಕೈಯ ನಡುಕವನ್ನು ತೆಗೆದುಹಾಕಿದರೆ ಯಂತ್ರ ಎಷ್ಟು ನೇರವಾಗಿರಬಲ್ಲದು ಎಂಬುದರ ಪ್ರದರ್ಶನ ಅದು.

ಬಿಸ್ಲಿಯಲ್ಲಿ ಫುಲ್ಟನ್ ಎಂಬ ಮನೆತನ ತಲೆಮಾರುಗಳ ಕಾಲ ಅಂಗಡಿಯಿಟ್ಟುಕೊಂಡಿತ್ತು. ತಂದೆ ಜಾರ್ಜ್ ಫುಲ್ಟನ್ 1888ರಲ್ಲಿ ಅಲ್ಲಿನ ಅತ್ಯುಚ್ಚ ಪ್ರಶಸ್ತಿಯನ್ನು ಗೆದ್ದವನು. ಮಗ ಆರ್ಥರ್ 1912, 1926 ಮತ್ತು 1931ರಲ್ಲಿ, ಮೂರು ಬಾರಿ, ಅದನ್ನೇ ಗೆದ್ದವನು. ಅವರ ಅಂಗಡಿಯಲ್ಲಿ ಮರದ ತಾಗುವಿಕೆಯನ್ನು ತಿದ್ದಿ, ಟ್ರಿಗರನ್ನು ಹದಗೊಳಿಸಿ, ಹೊಡೆದು ನೋಡಿ, ಮತ್ತೆ ತಿದ್ದಿದ ರೈಫಲ್ಲಿನ ಮೇಲೆ 'ಫುಲ್ಟನ್ ನಿಯಂತ್ರಿಸಿದ್ದು' ಎಂಬರ್ಥದ ಮುದ್ರೆ ಬೀಳುತ್ತಿತ್ತು. 1930ರಲ್ಲಿ ಮಾರ್ಜರಿ ಫಾಸ್ಟರ್ ಎಂಬಾಕೆ ಗಂಡಸರನ್ನೆಲ್ಲ ಹಿಂದಿಕ್ಕಿ ರಾಜನ ಪ್ರಶಸ್ತಿಯನ್ನು ಗೆದ್ದ ಮೊದಲ ಮಹಿಳೆಯಾದಳು. ಸೇನೆಗೆಂದು ಹೊರಟ ಮಾದರಿಯ ರೈಫಲ್ಲು ಸೇನೆ ಒಪ್ಪಿಕೊಳ್ಳದ ಹೆಣ್ಣಿನ ಕೈಯಲ್ಲಿ ತನ್ನ ಉತ್ತಮ ಗುರಿಯನ್ನು ತೋರಿತು.

ಬಿಸ್ಲಿಯವರು ಕಂಡುಕೊಂಡ ಇನ್ನೊಂದು ವಿಚಿತ್ರವಿದೆ. ಲೀಯ ಬೋಲ್ಟಿನ ಬೀಗ ಹಿಂಭಾಗದಲ್ಲಿದೆ, ಮೌಸರ್‌ನದು ಮುಂಭಾಗದಲ್ಲಿ. ಹಿಂದೆ ಬೀಗವಿರುವುದರಿಂದ ಗುಂಡು ಸಿಡಿದಾಗ ಲೀ-ಎನ್‌ಫೀಲ್ಡಿನ ಮೈ ತುಸು ಬಾಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಇದು ದೋಷ. ಆದರೆ ದೂರದ ಗುರಿಗೆ ಅದೇ ವರವಾಯಿತು. ಎಲ್ಲ ತೋಟಾಗಳಲ್ಲೂ ಮದ್ದಿನ ಬಲ ಒಂದೇ ಆಗಿರುವುದಿಲ್ಲ. ಒಂದು ಗುಂಡು ತುಸು ವೇಗವಾಗಿ, ಇನ್ನೊಂದು ತುಸು ನಿಧಾನವಾಗಿ ಹೋಗುತ್ತದೆ. ನಳಿಗೆಯ ತುದಿ ಮೇಲಕ್ಕೆ ಏಳುತ್ತಿರುವ ಕ್ಷಣದಲ್ಲಿ ವೇಗದ ಗುಂಡು ಬೇಗ ಹೊರಬೀಳುತ್ತದೆ; ನಿಧಾನದ ಗುಂಡು ಒಂದಿಷ್ಟು ತಡವಾಗಿ, ತುದಿ ಇನ್ನಷ್ಟು ಎದ್ದ ಮೇಲೆ, ಹೊರಬೀಳುತ್ತದೆ. ಬೀಳುವ ದಾರಿಯಲ್ಲಿ ನಿಧಾನದ್ದು ಹೆಚ್ಚು ಇಳಿಯಬೇಕು. ಆದರೆ ಹೊರಡುವಾಗಲೇ ಅದು ಎತ್ತರಕ್ಕೆ ಹೊರಟಿದೆ. ಹೀಗಾಗಿ 900, 1000 ಗಜದ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಸಮೀಪಿಸುತ್ತವೆ. ಹತ್ತಿರದಲ್ಲಿ ಚದುರಿದಂತೆ ಕಾಣುವ ರೈಫಲ್ಲು ದೂರದಲ್ಲಿ ಒಗ್ಗೂಡಿಸುತ್ತದೆ. ದೋಷವನ್ನು ನಿರ್ಮೂಲಗೊಳಿಸದೆ ಅದರ ಸ್ವಭಾವವನ್ನು ಅರಿತು ಕೆಲಸಕ್ಕೆ ಹಚ್ಚಿದ ಈ ವಿವೇಕ ನಮಗೆ ತುಂಬ ಹಿಡಿಸಿದೆ.

ಯುದ್ಧಭೂಮಿಯಲ್ಲಿ ಇದೇ ಕಸುಬು ಬೇರೆಯ ಮುಖ ತೋರಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ದೂರದರ್ಶಕ ಜೋಡಿಸಿದ ರೈಫಲ್‌ಗಳನ್ನು ಹಂಚಿದರೂ ಅವುಗಳಲ್ಲಿ ಹೆಚ್ಚಿನವು ಗುರಿ ತಪ್ಪುತ್ತಿದ್ದವು. ಬೇಟೆಗಾರನೂ ಲೇಖಕನೂ ಆಗಿದ್ದ ಹೆಸ್ಕೆತ್-ಪ್ರಿಚರ್ಡ್ ಎಂಬ ಅಧಿಕಾರಿ ಅವನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕಾರಣ ತಿಳಿಯಿತು. ದೂರದರ್ಶಕದ ಹಿಡಿಕೆ ಸಡಿಲವಾಗಿತ್ತು. ಅದನ್ನು ಸರಿಪಡಿಸುವ ಬಗೆ ಸಿಪಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಿನಿಂದ ತೋಟಾ ತುಂಬಲು ಅಡ್ಡಿಯಾಗದಿರಲೆಂದು ದೂರದರ್ಶಕವನ್ನು ಎಡಗಡೆಗೆ ಸರಿಸಿ ಕೂರಿಸಿದ್ದರಿಂದ, ಕಂದಕದ ಕಬ್ಬಿಣದ ತಗಡಿನ ಕಿರಿದಾದ ಕಿಂಡಿಯಲ್ಲಿ ನಳಿಗೆ ತೂರಿದರೆ ಕಣ್ಣಿಗೆ ತಗಡೇ ಅಡ್ಡ ಬರುತ್ತಿತ್ತು. 1916ರಲ್ಲಿ ಆತ ಫ್ರಾನ್ಸಿನಲ್ಲಿ ಒಂದು ಶಾಲೆಯನ್ನೇ ತೆರೆದ. ಎರಡನೆಯ ಯುದ್ಧದಲ್ಲಿ ಬ್ರಿಟನ್ ಈ ಪಾಠವನ್ನು ಮರೆಯಲಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಹೊಡೆದ ನಂಬರ್ 4 ರೈಫಲ್‌ಗಳನ್ನು ಆಯ್ದು, ಮಹಾರಾಜರಿಗೆ ಬೇಟೆ ಕೋವಿಗಳನ್ನು ಮಾಡಿಕೊಡುತ್ತಿದ್ದ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳುಹಿಸಿತು. ಅಲ್ಲಿನ ಕುಶಲಕರ್ಮಿಗಳು 20 ಸಾವಿರಕ್ಕೂ ಹೆಚ್ಚು ರೈಫಲ್‌ಗಳನ್ನು ತಿದ್ದಿದರು. ಇಂತಿಷ್ಟನೆಯ ದೂರದರ್ಶಕ ಇಂತಿಷ್ಟನೆಯ ರೈಫಲ್ಲಿಗೇ ಎಂದು ಸಂಖ್ಯೆಯನ್ನು ಮರದ ಮೇಲೆ ಒತ್ತಿದರು. 1970ರಲ್ಲಿ ಇವೇ ಹಳೆಯ ರೈಫಲ್‌ಗಳಲ್ಲಿ ಸಾವಿರದಷ್ಟನ್ನು ಮತ್ತೆ ಬಿಚ್ಚಿ, 7.62 ಮಿಲಿಮೀಟರಿನ ದಪ್ಪ ನಳಿಗೆ ಹಾಕಿ, ಮರವನ್ನು ಮೋಟುಗೊಳಿಸಿ, ನಳಿಗೆ ಎಲ್ಲಿಯೂ ಮರಕ್ಕೆ ತಾಗದಂತೆ ಬಿಟ್ಟರು. ಹಿಟ್ಲರನ ಕಾಲದ ಉಕ್ಕು 1982ರ ಫಾಕ್ಲೆಂಡ್ಸ್ ಯುದ್ಧದವರೆಗೂ ದುಡಿಯಿತು.

ಇಷ್ಟು ಕೂಡಿಸಿದ ಕಥೆ. ಇನ್ನು ಕಳೆದದ್ದರ ಕಥೆ, ಅದು ನಮ್ಮ ನೆಲದ್ದು.

1857ರ ಎನ್‌ಫೀಲ್ಡ್ ತೋಟಾದ ಕೊಬ್ಬಿನ ವಿಷಯ ಶಾಲೆಯ ಮಕ್ಕಳಿಗೂ ಗೊತ್ತು. ಆ ದಂಗೆಯ ನಂತರ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಭಾರತೀಯ ಸಿಪಾಯಿಗಳಿಗೆಂದು ಬ್ರಿಟಿಷರು ಸುರುಳಿ ಗೆರೆಗಳೇ ಇಲ್ಲದ, ಒಳಮೈ ನುಣುಪಾದ ಎನ್‌ಫೀಲ್ಡ್ ಕೋವಿಗಳನ್ನು ಮಾಡಿಸಿದರು. ಹೊರಗಿನಿಂದ ನೋಡಿದರೆ ಬಿಳಿಯ ಸೈನಿಕನ ರೈಫಲ್ಲಿನಂತೆಯೇ. ಒಳಗೆ ಗುರಿಯ ಜೀವಾಳವೇ ಇಲ್ಲ. ಗುಂಡಿಗೆ ತಿರುಗಣೆ ಸಿಗದೆ ನೂರು ಗಜದಾಚೆ ಅದು ತನಗೆ ತೋಚಿದತ್ತ ಹೋಗುತ್ತದೆ. ಜನರ ಕೈಯಿಂದ ಆಯುಧವನ್ನೇ ಕಸಿಯುವ ಕಾನೂನೂ ಅದೇ ವರ್ಷ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲದೆ ನಿಂತರು. ಊರು ಸುಟ್ಟಿತು, ಹಲವರು ನೇಣಿಗೇರಿದರು. ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಅವರ ಕಥೆ ಉಳಿದುಕೊಂಡಿದೆ. ಹಲಗಲಿಯಲ್ಲಿ ಆಯುಧವನ್ನೇ ಕಸಿದರು. ಪಲ್ಟಣದಲ್ಲಿ ಆಯುಧವನ್ನು ಬಿಟ್ಟು ಅದರ ಗುರಿಯನ್ನು ಕಸಿದರು. ಎರಡಕ್ಕೂ ಮೂಲ ಒಂದೇ ಅಪನಂಬಿಕೆ.

ಈ ಅಪನಂಬಿಕೆ ಲೀ-ಎನ್‌ಫೀಲ್ಡಿನ ಕಾಲಕ್ಕೂ ಮುಂದುವರಿಯಿತು. ಇಶಾಪುರದಲ್ಲಿ ಹಳೆಯ .303 ರೈಫಲ್‌ಗಳ ನಳಿಗೆಯನ್ನು ಕೊರೆದು, ಸುರುಳಿ ಗೆರೆಗಳನ್ನು ಅಳಿಸಿ, .410 ಅಳತೆಯ ಕೋವಿಗಳನ್ನಾಗಿ ಮಾಡಿದರು. ಗುಂಡಿನ ಪೆಟ್ಟಿಗೆಯಲ್ಲಿ ಮರದ ತುಂಡನ್ನು ತುರುಕಿ, ಒಂದು ಸಲಕ್ಕೆ ಒಂದೇ ತೋಟಾ ಎಂಬಂತೆ ಮಾಡಿದರು. ಅವು ಪೊಲೀಸರ, ಕಾವಲುಗಾರರ ಕೈಗೆ ಹೋದವು. ಬಿಸ್ಲಿಯಲ್ಲಿ ಒಬ್ಬ ಕುಶಲಕರ್ಮಿ ದಿನಗಟ್ಟಲೆ ಕೂತು ಮರವನ್ನು ಕೂದಲೆಳೆಯಷ್ಟು ಹೆರೆದು ಗುರಿಯನ್ನು ಕೂಡಿಸುತ್ತಿದ್ದರೆ, ಹೂಗ್ಲಿ ನದಿಯ ದಡದಲ್ಲಿ ಅವನಷ್ಟೇ ನುರಿತ ಇನ್ನೊಬ್ಬ ಕುಶಲಕರ್ಮಿ ಅದೇ ಮಾದರಿಯ ರೈಫಲ್ಲಿನಿಂದ ಗುರಿಯನ್ನು ಕೊರೆದು ಹೊರಹಾಕುತ್ತಿದ್ದ. ಸಾರ್ವಜನಿಕರ ಬೇಟೆ ಕೋವಿಗೂ .303 ಅಳತೆಗೆ ಅವಕಾಶವಿರಲಿಲ್ಲ. ಸೇನೆಯ ತೋಟಾ ಕಳುವಾದರೆ ಜನರ ಕೋವಿಗೆ ಹೊಂದಬಾರದೆಂಬ ಎಚ್ಚರಿಕೆ ಅದರ ಹಿಂದಿತ್ತು. ಆದ್ದರಿಂದಲೇ ಇಶಾಪುರದ .315 ಬೇಟೆ ರೈಫಲ್ಲು ಲೀ-ಎನ್‌ಫೀಲ್ಡಿನ ಬೋಲ್ಟನ್ನೇ ಹೊತ್ತಿದ್ದರೂ ಬೇರೆಯ ತೋಟಾವನ್ನು ಬೇಡುತ್ತದೆ. ಸ್ವತಂತ್ರ ಭಾರತದ ಪರವಾನಗಿ ಪದ್ಧತಿಯೂ ಈ ಗೆರೆಯನ್ನು ಅಳಿಸಲಿಲ್ಲ.

ಅದನ್ನು ಅಳಿಸಬೇಕಿತ್ತೆಂದು ನಾವು ವಾದಿಸುತ್ತಿಲ್ಲ. ಗುರಿ ಹಿಡಿದ ಕೈ ಯಾರದೆಂಬುದನ್ನು ಕೇಳದೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣೆದುರಿಗಿದೆ. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ಲು ಇಟಲಿಯ ಸೇನೆ ವಿಲೇವಾರಿ ಮಾಡಿದ ಕಾರ್ಕಾನೊ. ದೂರದರ್ಶಕ ಸಮೇತ 19 ಡಾಲರ್ 95 ಸೆಂಟಿಗೆ ಅಂಚೆಯ ಮೂಲಕ ತರಿಸಿಕೊಂಡದ್ದು. ಐದು ವರ್ಷಗಳ ಬಳಿಕ, 1968ರಲ್ಲಿ, ಆ ದೇಶ ಅಂಚೆ ಮಾರಾಟಕ್ಕೂ ಪರದೇಶಗಳ ಹಳೆಯ ಸೇನಾ ರೈಫಲ್‌ಗಳ ಆಮದಿಗೂ ಕಾನೂನಿನ ತಡೆ ಹಾಕಿತು. ಅತಿಯಾದ ನಂಬಿಕೆಯ ಬೆಲೆಯೂ ಅಪನಂಬಿಕೆಯ ಬೆಲೆಯಷ್ಟೇ ದುಬಾರಿ.

1962ರ ಚೀನಾ ಯುದ್ಧದ ದಶಕದಲ್ಲಿ ಇಶಾಪುರ ಕಳೆಯುವ ಕೆಲಸ ಬಿಟ್ಟು ಕೂಡಿಸುವ ಕೆಲಸಕ್ಕೆ ಕೈಹಾಕಿತು. ಹಳೆಯ ಮಾರ್ಕ್ 3 ವಿನ್ಯಾಸವನ್ನೇ ಇಟ್ಟುಕೊಂಡು, ಇನ್ನಷ್ಟು ಗಟ್ಟಿಯಾದ ಉಕ್ಕಿನಲ್ಲಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದುವ 2ಎ ಮತ್ತು 2ಎ1 ರೈಫಲ್‌ಗಳನ್ನು ಹೊಸದಾಗಿ ತಯಾರಿಸಿತು. ಯಾರೂ ನಳಿಗೆ ತುದಿಯ ದೂರದ ಗುರಿಯನ್ನು ಕನಸದಿರಲೆಂಬಂತೆ ಸೈಟಿನ ಅಳತೆಯನ್ನು 2ಎ1ರಲ್ಲಿ 800 ಮೀಟರಿಗೆ ಇಳಿಸಿತು; ಅದು ಪ್ರಾಮಾಣಿಕವಾದ ತಿದ್ದುಪಡಿ. 1907ರ ಆಕಾರ ಅಷ್ಟು ಕಾಲ ಬಾಳಿದ್ದು ನಮ್ಮಲ್ಲಿಯೇ.

ಆದರೆ ರೈಫಲ್ಲಿನ ಗುರಿ ಒಮ್ಮೆ ತಿದ್ದಿ ಮುಗಿಯುವಂಥದಲ್ಲ. ಹಳೆಯ ತೋಟಾಗಳ ಸಿಡಿಯೌಷಧ ನಳಿಗೆಯಲ್ಲಿ ಉಪ್ಪಿನ ಅಂಶವನ್ನು ಉಳಿಸುತ್ತಿತ್ತು. ಅದು ಗಾಳಿಯ ತೇವವನ್ನು ಹೀರಿ ಒಂದೆರಡು ದಿನಗಳಲ್ಲಿ ತುಕ್ಕು ಹಿಡಿಸುತ್ತಿತ್ತು. ಕುದಿನೀರು ಹೊಯ್ದು ತೊಳೆಯಬೇಕೆಂಬ ಸೇನೆಯ ನಿಯಮ ಹುಟ್ಟಿದ್ದು ಅದರಿಂದ. ಮುಂಬಯಿಯ ಆಷಾಢವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋಲ್ಟಿನ ಮೂತಿ ಸವೆದರೆ ಸೊನ್ನೆಯಿಂದ ಮೂರರವರೆಗಿನ ಅಳತೆಗಳಲ್ಲಿ ಬೇರೊಂದನ್ನು ಹಾಕಿ ಸಂದು ಸರಿಪಡಿಸಬೇಕು. ಇದೆಲ್ಲಕ್ಕಿಂತ ಮೊದಲು, ಹಿಡಿದವನಿಗೆ ಗುಂಡು ಹೊಡೆದು ಅಭ್ಯಾಸವಿರಬೇಕು. 1914ರ ಬ್ರಿಟಿಷ್ ಸೈನಿಕ ನಿಮಿಷಕ್ಕೆ 15 ಗುರಿಯಿಟ್ಟ ಗುಂಡುಗಳನ್ನು ಹೊಡೆಯಬಲ್ಲವನಾಗಿದ್ದುದು ರೈಫಲ್ಲಿನಿಂದಷ್ಟೇ ಅಲ್ಲ, ಅಭ್ಯಾಸದಿಂದ.

2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿದ್ದ ಪೊಲೀಸರಲ್ಲಿ ಕೆಲವರ ಕೈಯಲ್ಲಿ ಇದ್ದುದು ಇದೇ ತ್ರೀ ನಾಟ್ ತ್ರೀ. ಕೆಲವರ ಕೈಯಲ್ಲಿ ಲಾಠಿ ಮಾತ್ರ. ಎದುರಿಗೆ ಎಡೆಬಿಡದೆ ಗುಂಡುಗರೆಯುವ ರೈಫಲ್‌ಗಳಿದ್ದವು. ಆದರೂ ಹಳೆಯ ರೈಫಲ್ಲನ್ನೆತ್ತಿ ಗುಂಡು ಹಾರಿಸಿದವರಿದ್ದರು. ಆ ನಿಲ್ದಾಣದಿಂದ ದಿನವೂ ಊರಿನ ರೈಲು ಹಿಡಿಯುವ ನಾವು ಅವರಿಗೆ ಋಣಿಗಳು. ಮರುದಿನದಿಂದ ಎಲ್ಲರೂ ದೂರಿದ್ದು ರೈಫಲ್ಲಿನ ಮುಪ್ಪನ್ನು. ಮುಪ್ಪು ನಿಜ. ಬೋಲ್ಟನ್ನು ಪ್ರತಿಸಲ ಎಳೆಯಬೇಕಾದ ಆಯುಧ ಅಂಥ ಕಾಳಗಕ್ಕೆ ಸಮನಲ್ಲ. ಆದರೆ ಈ ಇತಿಹಾಸವನ್ನು ಓದಿದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿದೆ: ಪೇದೆಯ ಕೈಗೆ ಕೊಟ್ಟದ್ದು ಆಯುಧವನ್ನೋ, ಆಯುಧದ ಆಕಾರವನ್ನೋ? ಒಳಗನ್ನು ನುಣುಪಾಗಿ ಕೊರೆದು ಕೊಟ್ಟ ಕೋವಿಗೂ, ಅಭ್ಯಾಸಕ್ಕೆ ತೋಟಾ ಕೊಡದೆ, ತೊಳೆದು ತಿದ್ದುವ ಆರ್ಮರರನನ್ನು ಕೊಡದೆ ಹೆಗಲಿಗೇರಿಸಿದ ರೈಫಲ್ಲಿಗೂ ಪರಿಣಾಮದಲ್ಲಿ ಬಹಳ ವ್ಯತ್ಯಾಸವಿಲ್ಲ. ಒಂದನ್ನು ಅಪನಂಬಿಕೆ ಮಾಡುತ್ತದೆ, ಇನ್ನೊಂದನ್ನು ಉದಾಸೀನ.

2020ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು ತಮ್ಮ .303 ರೈಫಲ್‌ಗಳಿಗೆ ಕವಾಯತಿನಲ್ಲಿ ಕೊನೆಯ ವಂದನೆ ಸಲ್ಲಿಸಿ ಬೀಳ್ಕೊಟ್ಟರು. ಹೊಸ ರೈಫಲ್‌ಗಳು ಬಂದಿವೆ, ಇನ್ನೂ ಬರುತ್ತವೆ. ಅವುಗಳಿಗೆ ಮರದ ಮೈಯಿಲ್ಲ, ಅಗಸೆ ಎಣ್ಣೆ ಬೇಡ. ಆದರೆ ಕಾರ್ಖಾನೆ ಕೊಡುವುದು ಅರ್ಧ ಗುರಿ ಮಾತ್ರ. ಉಳಿದರ್ಧವನ್ನು ಒರೆಸುವ ಕೈ, ತಿದ್ದುವ ಕೈ, ಹಿಡಿಯುವ ಕೈ ಕೂಡಿಸಬೇಕು. ಆ ಮೂರು ಕೈಗಳ ಖರ್ಚನ್ನು ಕಡತದಲ್ಲಿ ಬರೆದಿಡುವವರು ನಮ್ಮಂಥ ನೌಕರರೇ.